ಜಾಝ್ ಪಂಡಿತನಿಗೆ ಕೇಳಿಸಿದ ಕೆಮ್ಮು

ಮೊನ್ನೆ ಭಾನುವಾರ ಒಬ್ಬ ಹಿರಿಯರನ್ನು, ಅದೂ ಅವರದೇ ಮನೆಯಲ್ಲಿ, ಕೆಮ್ಮಬೇಡಿ ಎಂದು ಗದರಿಸಿಬಿಟ್ಟೆ. ಅವರು ಕೆಮ್ಮಿರಲೇ ಇಲ್ಲ.

ಇದಕ್ಕೆಲ್ಲ ಕಾರಣ ಈ ಅಂಕಣವೇ. ತಿಂಗಳ ಹಿಂದೆ ಇಲ್ಲಿ ಜಾಝ್ ಸಂಗೀತದ ಬಗ್ಗೆ ಉದ್ದಕ್ಕೆ ಬರೆದಿದ್ದೆನಲ್ಲ, ನೆನಪಿದೆಯೇ? (ಮರೆತಿದ್ದರೆ ಒಳ್ಳೆಯದೇ.) ಬಲ್ಮಠದ ರದ್ದಿ ಅಂಗಡಿಯಲ್ಲಿ ಸಿಕ್ಕಿದ ಹಳೆಯ ಇಂಗ್ಲಿಷ್ ಮ್ಯಾಗಜಿನ್ ನೋಡಿ ಬರೆದದ್ದು. ಜಾಝ್ ಎಂಬುದನ್ನು ಅದುವರೆಗೆ ಕಿವಿಯಾರೆ ಕೇಳಿದವನೇ ಅಲ್ಲ.

ಉಳ್ಳಾಲದ ಗೆಳೆಯ ಹಮೀದ್ ಅದನ್ನು ನಂಬಿಬಿಟ್ಟ. ಹಡಗಿನಲ್ಲಿ ಕೆಲಸಕ್ಕಿರುವ ಅವನ ತಮ್ಮ ಉಸ್ಮಾನ್ ಅಮೆರಿಕದಿಂದ ಒಂದು ಎಲ್‌ಪಿ ಕಳಿಸಿದ್ದ. ಪಿಯಾನೋ, ಬೇಸ್ ಎಂಬ ದಪ್ಪ ದನಿಯ ತಂತಿವಾದ್ಯ, ಡ್ರಮ್ಸ್, ಮೂರೇ ಜನ. ಸ್ಟುಡಿಯೋದಲ್ಲಲ್ಲ, ಸಭಿಕರ ಮುಂದೆ ನುಡಿಸುವಾಗಲೇ ಹಿಡಿದ ರೆಕಾರ್ಡು. ಆ ದಿನ ಸಭೆಯಲ್ಲಿ ತಾನೂ ಇದ್ದೆ ಎಂದು ಉಸ್ಮಾನ್ ಕಾಗದವನ್ನೂ ಬರೆದಿದ್ದ.

"ನಮಗೆ ತಲೆಬುಡ ಗೊತ್ತಾಗುವುದಿಲ್ಲ ಮಾರಾಯ. ನೀನು ಬಂದು ಸ್ವಲ್ಪ ಬಿಡಿಸಿ ಹೇಳು," ಎಂದ ಹಮೀದ್.

ನನಗೂ ಗೊತ್ತಿಲ್ಲ ಎನ್ನಬಹುದಿತ್ತು. ಎಂದೆನೇ? ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಣ್ಣಗುಡ್ಡದ ನನ್ನ ಮನೆಯಿಂದ ಹೊರಟೇಬಿಟ್ಟೆ.

ರೆಕಾರ್ಡು ತಿರುಗಿತು. ನಾನು ಕಣ್ಣು ಮುಚ್ಚಿ, ತಲೆದೂಗುತ್ತ, ತೊಡೆಯ ಮೇಲೆ ತಾಳ ಹಾಕಿದೆ. (ಎರಡು ಸಲ ತಪ್ಪಿತು. ಯಾರಿಗೆ ಗೊತ್ತಾಗಬೇಕು?) ಪಿಯಾನೋ ನಿಂತು ಬೇಸ್ ಒಂದೇ ಗುನುಗುತ್ತಿದ್ದಾಗ ಯಾರೋ ಕೆಮ್ಮಿದರು. ಕಣ್ಣು ಬಿಟ್ಟು ತಿರುಗಿದರೆ, ಹಿಂದೆ ಕುಳಿತಿದ್ದವರು ಹಮೀದನ ತಂದೆ ಇಬ್ರಾಹಿಂ ಬ್ಯಾರಿಗಳು.

"ಸ್ವಲ್ಪ ಕೆಮ್ಮದೆ ಕೂತ್ಕೊಳ್ಳಿ ಬ್ಯಾರಿಗಳೇ. ಇದು ಬಹಳ ಸೂಕ್ಷ್ಮ ಸಂಗೀತ," ಎಂದೆ.

ಮನೆಗೆ ಬಂದವನ ಮಾತಿಗೆ ಎದುರಾಡುವ ಕ್ರಮ ಆ ಮನೆಯಲ್ಲಿಲ್ಲ. ಅವರು ಹೆಗಲ ಬೈರಾಸನ್ನು ಬಾಯಿಗೆ ಒತ್ತಿಕೊಂಡು, ಮೆಲ್ಲಗೆ ಎದ್ದು ಜಗಲಿಗೆ ಹೋದರು.

"ಆ ಜಾಗ ಇನ್ನೊಮ್ಮೆ ಹಾಕು, ವಿವರಿಸ್ತೇನೆ," ಎಂದು ಹಮೀದನಿಗೆ ಅಪ್ಪಣೆ ಮಾಡಿದೆ. ಮುಳ್ಳು ಹಿಂದಕ್ಕೆ ಹೋಯಿತು. ಅದೇ ಬೇಸ್. ಅದೇ ಕೆಮ್ಮು! ಬ್ಯಾರಿಗಳ ಕುರ್ಚಿ ಖಾಲಿ. ಹಮೀದ್ ನನ್ನ ಮುಖ ನೋಡಿದ. ನಾನು ರೆಕಾರ್ಡಿನ ಕವರ್ ಓದತೊಡಗಿದೆ, ತಲೆಕೆಳಗಾಗಿ ಹಿಡಿದು.

ನಾಚಿಕೆಯಿಂದ ಕುಗ್ಗಿಹೋದೆ. ಜಗಲಿಗೆ ಹೋಗಿ ಕೈ ಮುಗಿದೆ. ಬ್ಯಾರಿಗಳ ಕಣ್ಣು ಒದ್ದೆಯಾಗಿತ್ತು.

"ಬೇಜಾರೆಂತ ಇಲ್ಲ ಮಾರಾಯ್ರೆ. ಅದು ನಮ್ಮ ಉಸ್ಮಾನನ ಕೆಮ್ಮು. ಸಣ್ಣದಿರುವಾಗಿಂದ ಹಾಗೆಯೇ, ಎರಡು ಸಣ್ಣದು, ಒಂದು ದೊಡ್ಡದು. ಅವನು ಊರಿಗೆ ಬಾರದೆ ಮೂರು ವರ್ಷ ಆಯ್ತಲ್ಲ. ಒಳಗೆ ಕೂತರೆ ಅಳು ಬರ್ತಿತ್ತು. ನೀವು ಅದಕ್ಕೂ ಬಯ್ತಿದ್ರಿ." ಬೈರಾಸಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ಇನ್ನೊಮ್ಮೆ ಹಾಕ್ಲಿಕ್ಕೆ ಆಗ್ತದಾ?"

ಅದು ಉಸ್ಮಾನನದೋ, ಯಾವ ಅಮೆರಿಕದವನದೋ, ದೇವರೇ ಬಲ್ಲ. ಹೇಳಲು ನಾನು ಯಾರು? ಅಂದು ಮತ್ತೆ ನಾಲ್ಕು ಸಲ ಹಾಕಿದೆವು. ಜಾಝ್ ಬಗ್ಗೆ ನಾನು ತುಟಿ ಬಿಚ್ಚಲಿಲ್ಲ. ಬ್ಯಾರಿಗಳ ಪಕ್ಕದಲ್ಲೇ ಕುಳಿತು ನಾನೂ ಆ ಕೆಮ್ಮಿಗೆ ಕಾದೆ.

ಒಂದೇ ತಕರಾರು. ಉಸ್ಮಾನ್ ಪೂರ್ತಿ ಕೆಮ್ಮಿ ಮುಗಿಸುವ ಮೊದಲೇ ಪಿಯಾನೋ ನಡುವೆ ಬಾಯಿ ಹಾಕುತ್ತದೆ. ಅದಕ್ಕೆ ಸ್ವಲ್ಪ ಸುಮ್ಮನಿರು ಎನ್ನುವವರು ಯಾರು?