ಬಲಗೈಯ ಸಕ್ಕರೆ

ಹೊಸಪೇಟೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಜನ ಡಾಕ್ಟರಿಗಿಂತ ಹೆಚ್ಚು ಹೆದರುತ್ತಿದ್ದುದು ಸಿಸ್ಟರ್ ಚೆನ್ನಬಸಮ್ಮನಿಗೆ. ಎಮ್ಮಿಗನೂರಿನ ಹೆಣ್ಣುಮಗಳು, ಇಪ್ಪತ್ತು ವರ್ಷದ ಸರ್ವೀಸು, ಬಾಯಂತೂ ಭಾಳ ಜೋರು. ಎರಡು ಸಾವಿರದ ಏಳರ ಹೊತ್ತಿಗೆ ಅದಿರು ಲಾರಿಗಳ ಓಡಾಟ ಹುಚ್ಚೆದ್ದಿತ್ತು. ಐಸಿಯುನ ಆರು ಹಾಸಿಗೆಗಳಲ್ಲಿ ಒಂದೂ ಖಾಲಿ ಬೀಳುತ್ತಿರಲಿಲ್ಲ. ಆರೂ ಮಂದಿಯ ಬೆರಳಿಗೆ ಗಂಟೆಗೊಮ್ಮೆ ಸೂಜಿ ಚುಚ್ಚಿ, ರಕ್ತದ ಸಕ್ಕರೆ ನೋಡಿ ಬರೆಯುವುದು ಅವಳ ಪಾಲು.

"ಇಂಥಾ ಪೇಷಂಟಿಗೆ ಸಕ್ರಿ ಏರಿದ್ರೂ ಕೇಡು, ಇಳಿದ್ರ ಇನ್ನೂ ಕೇಡು. ಕಣ್ಣಾಗ ಕಣ್ಣಿಟ್ಟು ನೋಡ್ರಿ!" ಎಂದು ಹೊಸ ನರ್ಸುಗಳನ್ನು ಗದರುತ್ತಿದ್ದಳು.

ಸಂಡೂರಿನ ಲಾರಿ ಡ್ರೈವರ್ ಹೊನ್ನೂರಸ್ವಾಮಿ ನ್ಯುಮೋನಿಯಾ ಬಿಗಡಾಯಿಸಿ ಬಂದು ಮಲಗಿದ್ದ. ಬಾಯಲ್ಲಿ ಉಸಿರಾಟದ ಕೊಳವೆ, ಎಡಗೈಗೆ ಡ್ರಿಪ್ಪು, ಎಚ್ಚರವೇ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅವನ ಸಕ್ಕರೆ ನೂರಾ ಅರವತ್ತಿತ್ತು. ಹತ್ತಕ್ಕೆ ನೋಡಿದರೆ ನಾನೂರಾ ಮೂವತ್ತು! ಡಾಕ್ಟರು ಫೋನಿನಲ್ಲೇ ಇನ್ಸುಲಿನ್ ಹೇಳಿದರು, ಇವಳು ಕೊಟ್ಟಳು. ಹನ್ನೊಂದಕ್ಕೂ ನಾನೂರರ ಮೇಲೆಯೇ. "ಇನ್ನಷ್ಟು ಕೊಡ್ರಿ" ಎಂದರು ಡಾಕ್ಟರು.

ಸಿರಿಂಜು ತುಂಬಿಕೊಂಡು ಬಂದವಳು ನಿಂತುಬಿಟ್ಟಳು. ಹೊನ್ನೂರಸ್ವಾಮಿಯ ಹಣೆ ತಣ್ಣಗಾಗಿ ಬೆವೆತಿತ್ತು. ಸಕ್ಕರೆ ಏರಿದವನು ಹೀಗೆ ಬೆವರುವುದಿಲ್ಲ, ಇಳಿದವನು ಬೆವರುತ್ತಾನೆ. ಬಲಗೈ ಹಿಡಿದು ನೋಡಿದರೆ ಅಂಗೈಯೆಲ್ಲ ಅಂಟಂಟು, ಜೇನಿನ ವಾಸನೆ. ಅಯ್ಯೋ ಶಿವನೇ!

ಒಂಬತ್ತೂವರೆಗೆ ಅವನ ಹೆಂಡತಿ ವಿರುಪಮ್ಮ ಹಂಪಿಯಿಂದ ಪಂಚಾಮೃತ ತಂದಿದ್ದಳು. ಬಾಯಿಗೆ ಬಿಡಲು ಕೊಳವೆ ಅಡ್ಡ. ತೀರ್ಥ ತಗೊಳ್ಳುವುದು ಬಲಗೈಯಲ್ಲಿ ತಾನೇ? ಗಂಡನ ಅಂಗೈಗೆ ಹಾಕಿ, ಬೆರಳಿಗೆಲ್ಲ ಸವರಿ, ಸೆರಗಿನಿಂದ ಒರೆಸಿ ಹೋಗಿದ್ದಳು. ಅವಳ ಅಳು ನೋಡಲಾರದೆ ಚೆನ್ನಬಸಮ್ಮ ಕಂಡೂ ಕಾಣದಂತೆ ಬಿಟ್ಟಿದ್ದಳು. ಎಲ್ಲರನ್ನೂ ಗದರುವವಳಿಗೆ ಆ ಒಂದು ದಿನ ಬಾಯಿ ಬಂದಿರಲಿಲ್ಲ.

ಸೋಪು ಹಚ್ಚಿ ಆ ಕೈ ತೊಳೆದು ಒರೆಸಿ, ಬೇರೆ ಬೆರಳಿಗೆ ಚುಚ್ಚಿದಳು. ಮೂವತ್ತೆಂಟು! ಬೆರಳಿಗಂಟಿದ್ದ ಜೇನು ರಕ್ತದ ಹನಿಗೆ ಬೆರೆತು ಮೀಟರು ಸುಳ್ಳು ಲೆಕ್ಕ ತೋರಿಸಿತ್ತು, ಆ ಲೆಕ್ಕ ನಂಬಿ ಕೊಟ್ಟ ಇನ್ಸುಲಿನ್ ಇದ್ದ ಸಕ್ಕರೆಯನ್ನೂ ಇಳಿಸಿಬಿಟ್ಟಿತ್ತು. ಸಿರಿಂಜು ಬಿಸಾಕಿ, ಓಡಿಹೋಗಿ ಗ್ಲೂಕೋಸ್ ತಂದು ನರಕ್ಕೆ ಏರಿಸಿದಳು. ಕಾಲು ಗಂಟೆಗೆ ಸಕ್ಕರೆ ನೂರಾ ಹತ್ತಕ್ಕೆ ಬಂತು. ಆಮೇಲೆ ಗೋಡೆಗೆ ಒರಗಿ ಗಳಗಳ ಅತ್ತಳು.

ಧಾವಿಸಿ ಬಂದ ಡಾಕ್ಟರು ಎಲ್ಲ ಕೇಳಿ, "ಮನುಷ್ಯಾ ಉಳಕೊಂಡನಲ್ಲ, ಸಾಕು. ಹೊರಗ ಬಾಯಿ ಬಿಡಬ್ಯಾಡ್ರಿ" ಎಂದರು. ಚೆನ್ನಬಸಮ್ಮ ಮಾತ್ರ ಕೇಸ್ ಶೀಟಿನಲ್ಲಿ ನಡೆದದ್ದನ್ನು ನಡೆದಂತೆ ಬರೆದು ಸಹಿ ಹಾಕಿದಳು. ನೇರ ಹೊರಗೆ ಹೋಗಿ, ಬೆಂಚಿನ ಮೇಲೆ ವಿರುಪಮ್ಮನ ಪಕ್ಕದಲ್ಲೇ ಕುಳಿತು ಒಂದೂ ಮುಚ್ಚಿಡದೆ ಹೇಳಿದಳು.

ವಿರುಪಮ್ಮನ ಮುಖ ಬಿಳಿಚಿತು. "ಹಂಗಾರ ನನ್ನ ಕೈಯಾರ ನಾನಾ ಕೊಲ್ತಿದ್ನೇನ್ರಿ, ಅಕ್ಕಾರ?"

"ಇಲ್ಲವ್ವ" ಎಂದಳು ಚೆನ್ನಬಸಮ್ಮ. "ಗಂಡ ಬದುಕ್ಲಿ ಅಂತ ನೀ ಹಾಕ್ದಿ. ತೊಳದು ಚುಚ್ಚಬೇಕಾದಾಕಿ ನಾನು. ಕೊಲ್ತಿದ್ದಾಕಿ ನಾನು."