ಶರ್ವಾಣಿಯ ಪುಟದ ವಿಳಾಸ

ಜೀವನ್ ಬಿಮಾ ನಗರದ ವಿಭಾ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. 2004ರಲ್ಲಿ ತಂಗಿ ಶರ್ವಾಣಿ ಜ್ವರದಿಂದ ತೀರಿಕೊಂಡಾಗ ಅವಳಿಗೆ ಅಳು ಬರಲಿಲ್ಲ. ಕಂಪ್ಯೂಟರ್ ಕಲಿಸುವ ಪುಸ್ತಕವೊಂದನ್ನು ನೋಡಿಕೊಂಡು, ತಂಗಿ ಬರೆದ ಚಿತ್ರಗಳನ್ನೆಲ್ಲ ಸೇರಿಸಿ ಮನೆಯ ಕಂಪ್ಯೂಟರಿನಲ್ಲೇ ಒಂದು ವೆಬ್ ಪುಟ ಮಾಡಿದಳು. ಪರದೆಯ ಮೇಲೆ ಕಾಣುತ್ತಿದ್ದ 127.0.0.1 ಎಂಬ ವಿಳಾಸವನ್ನು ನೆಂಟರಿಗೆಲ್ಲ ಕಳಿಸಿದಳು. ಮೂರು ತಿಂಗಳಾದರೂ ಯಾರೂ ಏನೂ ಹೇಳಲಿಲ್ಲ. ಯಾರಿಗೂ ಬೇಕಾಗಿಲ್ಲ ಎಂದುಕೊಂಡು ಸುಮ್ಮನಾದಳು.

ಇಂಟರ್‌ನೆಟ್ ರಿಪೇರಿಗೆ ಬಂದ ಅಂಜನಮೂರ್ತಿ ಆ ವಿಳಾಸ ನೋಡಿದ.

“ಮೇಡಂ, ಈ ನಂಬರು ಯಾವ ಕಂಪ್ಯೂಟರಲ್ಲಿ ಹೊಡೆದ್ರೂ ಆ ಕಂಪ್ಯೂಟರಿನ ಒಳಗೇ ಹುಡುಕತ್ತೆ. ನಿಮ್ಮ ಮನೆಗೆ ಬರಲ್ಲ.”

“ಮತ್ತೆ ಇಲ್ಲೇ ಪರದೆ ಮೇಲೆ ಕಾಣೋ ಈ 192.168 ಅನ್ನೋದು?”

“ಅದು ಮನೆಯೊಳಗಿನ ನಂಬರು. ಪಕ್ಕದ ಮನೇಲೂ ಅದೇ ಇರ್ಬಹುದು. ಹೊರಗಿನೋರಿಗೆ ಸಿಗಲ್ಲ.”

“ಹಾಗಾದ್ರೆ ಯಾರೂ ನೋಡೇ ಇಲ್ವಾ?”

“ನೋಡೋಕೇ ಆಗಲ್ಲ, ಮೇಡಂ.”

ವಿಭಾಳಿಗೆ ಸಮಾಧಾನವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಅಂಜನಮೂರ್ತಿ ಆ ಪುಟವನ್ನು ಎಲ್ಲರೂ ನೋಡಬಹುದಾದ ಒಂದು ವೆಬ್‌ಸೈಟಿಗೆ ಹಾಕಿಕೊಟ್ಟ. ಹೊಸ ವಿಳಾಸ ಕಳಿಸಿದ ಮರುದಿನ ಹಲಸೂರಿನ ಸೋದರತ್ತೆ ಫೋನ್ ಮಾಡಿದರು.

“ಮೊದಲು ಕಳಿಸಿದ್ದು ತೆರೀಲಿಲ್ಲ ಅಂದ್ರೆ ನಿಂಗೆ ನೋವಾಗತ್ತೆ ಅಂತ ಸುಮ್ನಿದ್ವಿ ಕಣೇ. ಆ ಬಾತುಕೋಳಿ ಚಿತ್ರ ಎಷ್ಟು ಚೆನ್ನಾಗಿ ಬರ್ದಿದಾಳೆ!” ಎಂದು ಬಿಕ್ಕಿದರು.

“ಹ್ಞೂಂ ಅತ್ತೆ, ಕೆರೆ ಹತ್ರ ಕೂತು ಬರೆದಿದ್ಲು,” ಎಂದಳು ವಿಭಾ. ಅತ್ತೆಯ ಅಳು ನಿಲ್ಲುವವರೆಗೂ ಫೋನ್ ಹಿಡಿದು ನಿಂತಿದ್ದಳು.