ಕಿವಿ ಯಾಕೂಬನ ಮಿಸ್ಸಿಂಗ್

ಯಾದಗಿರಿಯ ಸ್ಟೇಷನ್ ಕಡೆ ಹೋಗಿ ಯಾಕೂಬಸಾಬನ ಗ್ಯಾರೇಜ್ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಕಿವಿ ಯಾಕೂಬ ಎಂದರೆ ಮಾತ್ರ ಮೂರು ಜನ ಒಟ್ಟಿಗೆ ಕೈ ತೋರಿಸುತ್ತಾರೆ. ಆ ಹೆಸರು ಬಂದದ್ದು ಕಿವಿಯ ಗಾತ್ರದಿಂದಲ್ಲ. ಗಾತ್ರವೂ ಏನು ಕಡಿಮೆಯಿಲ್ಲ ಎನ್ನುವುದು ಬೇರೆ ಮಾತು. ಉದ್ದನೆಯ ಪೇಚಕಸಿನ, ಅಂದರೆ ಸ್ಕ್ರೂಡ್ರೈವರಿನ, ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಕೆಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಒಳಗೆ ಏನು ಕೆಟ್ಟಿದೆ ಎಂದು ಹೇಳುತ್ತಿದ್ದ. ನಲವತ್ತು ವರ್ಷ ಹೀಗೆ ಹೇಳಿಕೊಂಡು ಬಂದಿದ್ದ. ಹೆಚ್ಚಿನ ಸಲ ಸರಿಯಾಗಿಯೇ ಹೇಳಿದ್ದ. ತಪ್ಪಿದ ದಿನ "ಗಾಡಿ ಸುಳ್ಳ ಹೇಳ್ತು" ಎಂದು ಇಂಜಿನ್ನಿನ ಮೇಲೆ ಹಾಕಿ ಪಾರಾಗುತ್ತಿದ್ದ.

ಈಗ ವಯಸ್ಸು ಅರವತ್ತೆರಡು. ಎರಡು ವರ್ಷದಿಂದ ಅವನ ಕಿವಿ ಮಂದವಾಗುತ್ತಿತ್ತು. ಜನರ ಮಾತು ಕೇಳಿಸುತ್ತಿತ್ತು, ಆದರೆ ನೀರಲ್ಲಿ ನೆನೆದ ಕಾಗದದ ಅಕ್ಷರದ ಹಾಗೆ ಅಂಚು ಅಳಿಸಿಕೊಂಡು ಬರುತ್ತಿತ್ತು. ಕಿವಿಯೇ ಹೆಸರಾದವನು ಕಿವುಡನಾದ ಎಂಬ ಸುದ್ದಿ ಹಬ್ಬಿದರೆ ನಗುವುದಕ್ಕೆ ಜನ ರಾಯಚೂರಿನಿಂದ ಟಿಕೆಟ್ ತೆಗೆಸಿ ಬರುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬೇರೆಯವನಿಗೆ ಹಾಗಾಗಿದ್ದರೆ ಮೊದಲ ಟಿಕೆಟ್ ಅವನೇ ತೆಗೆಸುತ್ತಿದ್ದ. ಹಾಗಾಗಿ ಒಂದು ನೇಮ ಹಿಡಿದ: ಸತ್ತರೂ "ಏನಂದಿ?" ಎಂದು ಕೇಳಬಾರದು. ಇಂಜಿನ್ನಿಗೆ ಪೇಚಕಸ್ ಇಡುವ ಮೊದಲು ಗಿರಾಕಿಯನ್ನೇ ಕೇಳುತ್ತಿದ್ದ, "ಮೊದ್ಲ ನೀ ಹೇಳು, ನಿನಗ ಹ್ಯಾಂಗ ಕೇಳ್ತದ?" ಇಷ್ಟು ದೊಡ್ಡ ಉಸ್ತಾದನಿಗೆ ಎಂಥ ವಿನಯ ಎಂದು ಜನ ಹೊಗಳಿದರು. ಹೊಗಳಿಕೆ ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇನ್ನುಳಿದ ಎಲ್ಲದಕ್ಕೂ "ಹೌ" ಎಂಬ ಒಂದು ಮಾತಿತ್ತು. ಮನೆಯ ದಖನಿ ಉರ್ದುವಿನಲ್ಲೂ ನಡೆಯುತ್ತದೆ, ಅಂಗಡಿಯ ಕನ್ನಡದಲ್ಲೂ ನಡೆಯುತ್ತದೆ. ತಲೆಯಾಡಿಸಿ "ಹೌ" ಎಂದರೆ ಮುಕ್ಕಾಲು ಪಾಲು ಸಂಸಾರ ಸಾಗುತ್ತದೆ ಎಂದು ಅವನು ಕಂಡುಕೊಂಡಿದ್ದ.

ಸಂಸಾರವೂ ಸಾಗಿತ್ತು. ಹೆಂಡತಿ ಮಜೀದಾ ಹೋದ ವರ್ಷದಿಂದ ಜಗಳವನ್ನೇ ಬಿಟ್ಟಿದ್ದಳು. ಮೂವತ್ತೈದು ವರ್ಷ ದಿನಕ್ಕೆರಡು ಸಲ ಬೈಯುತ್ತಿದ್ದವಳು ಈಗ ತಟ್ಟೆ ಇಟ್ಟು ಸುಮ್ಮನೆ ಕೂರುತ್ತಿದ್ದಳು. "ಇಂಜಿನ್ ಹಳೇದಾದಂಗ ಸೆಟ್ ಆಗ್ತದ ನೋಡ್ರಿ" ಎಂದು ಚಹಾದಂಗಡಿಯಲ್ಲಿ ಅವನು ಜಂಬ ಕೊಚ್ಚಿದ್ದ. ಇದ್ದ ಒಂದೇ ತಕರಾರೆಂದರೆ ರೊಟ್ಟಿಯ ಎಡ ಅಂಚು ದಿನಾ ಕರಕಲಾಗುತ್ತಿತ್ತು. ಅದಕ್ಕೆ ಕಾರಣವನ್ನೂ ಅವನೇ ಪತ್ತೆ ಹಚ್ಚಿದ್ದ. ಗ್ಯಾಸ್ ಒಲೆಯ ಬರ್ನರ್ ಒಂದು ಕಡೆ ಜಾಸ್ತಿ ಉರಿಯುತ್ತದೆ ಎಂದು ಎರಡು ಸಲ ಬಿಚ್ಚಿ, ಸೂಜಿಯಿಂದ ಚುಚ್ಚಿ, ಸ್ವಚ್ಛ ಮಾಡಿ ಕೂರಿಸಿದ್ದ. ಅಂಚು ಮಾತ್ರ ಕರಕಲಾಗುವುದನ್ನು ಬಿಟ್ಟಿರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಶಾಂತಪ್ಪ ತನ್ನ ಜೀಪು ತಂದ. ಶಾಂತಪ್ಪ ಸುರಪುರದ ಕಡೆಯವನು. ಗುಡ್ಡದ ಮೇಲಿನ ಮೊಬೈಲ್ ಟವರಿಗೆ ಡೀಸೆಲ್ ಡಬ್ಬಿ ಒಯ್ಯುವುದು ಅವನ ಕೆಲಸ. ಬೇರೆ ಗಾಡಿ ಹತ್ತದ ಆ ಕಲ್ಲುದಾರಿಯನ್ನು ಅವನ ಅಪ್ಪನ ಕಾಲದ ಪೆಟ್ರೋಲ್ ಜೀಪು ಹತ್ತುತ್ತಿತ್ತು. ಶಹಾಪುರದಲ್ಲಿ ಇಬ್ಬರಿಗೆ ತೋರಿಸಿ, ಆಗದೆ, ಕಿವಿಯ ಹೆಸರು ಕೇಳಿ ಯಾದಗಿರಿಗೆ ಬಂದಿದ್ದ.

"ಏನಾಗ್ಯಾದ ಹೇಳು" ಎಂದ ಯಾಕೂಬಸಾಬ.

ಶಾಂತಪ್ಪ ಬಾಯಿ ತೆರೆಯುವುದಕ್ಕೂ ಹಿಂದಿನ ಹಳಿಯ ಮೇಲೆ ಗೂಡ್ಸ್ ಗಾಡಿ ಬರುವುದಕ್ಕೂ ಸರಿಹೋಯಿತು. ಆ ಗದ್ದಲದಲ್ಲಿ ಯಾಕೂಬಸಾಬನಿಗೆ ಕೇಳಿಸಿದ್ದು ಇಷ್ಟು: "ಮಿಸ್ಸಿಂಗ್ ಹೊಡ್ಯಾಕತ್ತದರಿ ಚಾಚಾ. ಗುಡ್ಡದಾಗ ಎಳಿಯೋ ಮುಂದ ಅಷ್ಟ."

"ಹೌ" ಎಂದ ಯಾಕೂಬಸಾಬ.

ಇಂಜಿನ್ನಿನ ಸಿಲಿಂಡರುಗಳಲ್ಲಿ ಬೆಂಕಿ ಸರದಿಯ ಪ್ರಕಾರ ಬೀಳದೆ ಏಟು ತಪ್ಪುವುದಕ್ಕೆ ಗ್ಯಾರೇಜಿನವರು ಮಿಸ್ಸಿಂಗ್ ಎನ್ನುತ್ತಾರೆ. ಏರು ಎಳೆಯುವಾಗ ಮಿಸ್ಸಿಂಗ್ ಹೊಡೆದರೆ ಒಂದೋ ಕಿಡಿ ದುರ್ಬಲ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ಎರಡು ದಿನದಲ್ಲಿ ಬಾ ಎಂದು ಶಾಂತಪ್ಪನನ್ನು ಕಳಿಸಿ, ಯಾಕೂಬಸಾಬ ಜೀಪಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೇರಿಗೆ ಹಾಕಿ, ಕ್ಲಚ್ಚನ್ನು ಅರ್ಧ ಬಿಟ್ಟು ಇಂಜಿನ್ನಿನ ಮೇಲೆ ಭಾರ ಹೇರಿ, ಕಿವಿ ಕೊಟ್ಟ. ಬೆಂಕಿ ಬೀಳುವ ಸರದಿಯನ್ನು ಅವನ ಉಸ್ತಾದ ಅಬ್ರಾರಮಿಯಾ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ಏಕ್, ತೀನ್, ಚಾರ್, ದೋ. ಜೀಪು ಅದನ್ನೇ ಹೇಳಿತು. ಏಕ್, ತೀನ್, ಚಾರ್, ದೋ. ಒಂದೂ ಬಿಡಲಿಲ್ಲ.

ಗಿರಾಕಿ ಎಪ್ಪತ್ತು ಕಿಲೋಮೀಟರ್ ದೂರದಿಂದ ಬಂದು ಮಿಸ್ಸಿಂಗ್ ಇದೆ ಎನ್ನುತ್ತಾನೆ. ತನ್ನ ಕಿವಿ ಇಲ್ಲ ಎನ್ನುತ್ತದೆ. ಇಬ್ಬರಲ್ಲಿ ಯಾರನ್ನು ನಂಬುವುದು? ಎರಡು ವರ್ಷ ಮೋಸ ಮಾಡಿದ ಕಿವಿಯನ್ನಂತೂ ಅಲ್ಲ. ನಲವತ್ತು ವರ್ಷದ ರೂಢಿಯಿಂದ ಅದು ಬೀಳದ ಏಟನ್ನೂ ತಾನೇ ಸೇರಿಸಿ ಕೇಳಿಸುತ್ತಿದೆ ಎಂದು ತೀರ್ಮಾನಿಸಿದ. ಜನರ ಮಾತು ಕೇಳದೆ ಹೋದರೆ ಹೋಗಲಿ, "ಹೌ" ಇದೆ. ಇಂಜಿನ್ನೇ ಕೇಳದೆ ಹೋದರೆ ಕಿವಿ ಯಾಕೂಬನಲ್ಲಿ ಉಳಿಯುವುದು ಬರೀ ಯಾಕೂಬ. ಅಂಥವರು ಊರಲ್ಲಿ ಬೇಕಾದಷ್ಟಿದ್ದಾರೆ. ಈ ಜೀಪಿನ ರೋಗ ಸಿಗದಿದ್ದರೆ ಶೆಟರ್ ಎಳೆದು, ಉಸ್ತಾದರು ಕೊಟ್ಟ ಪೇಚಕಸನ್ನು ಅಣ್ಣನ ಮಗ ಆಸೀಫನ ಕೈಗಿಟ್ಟು ಮನೆ ಸೇರುವುದೇ ಸರಿ ಎಂದುಕೊಂಡ. ಆಸೀಫ್ ಕಂಪ್ಯೂಟರ್ ಹಚ್ಚಿ ಗಾಡಿ ನೋಡುವವನು. ಪೇಚಕಸಿನಿಂದ ಅವನು ಬಣ್ಣದ ಡಬ್ಬಿಯ ಮುಚ್ಚಳ ತೆಗೆದಾನು ಎಂಬ ಯೋಚನೆ ಬಂದು ಹೊಟ್ಟೆ ಉರಿಯಿತು.

ಮುಂದಿನ ಎರಡು ದಿನ ಅವನು ಪಟ್ಟ ಪಾಡು ನೆನೆದರೆ ಈಗ ಅವನಿಗೇ ನಗು ಬರುತ್ತದೆ. ನಾಲ್ಕೂ ಪ್ಲಗ್ ಬದಲಿಸಿದ. ಪ್ಲಗ್ಗಿನ ದಪ್ಪ ವೈರುಗಳನ್ನು ಬದಲಿಸಿದ. ಕಾರ್ಬೋರೇಟರ್ ಬಿಚ್ಚಿ, ತೊಳೆದು, ಜೋಡಿಸಿ, ಸಮಾಧಾನವಾಗದೆ ಮತ್ತೆ ಬಿಚ್ಚಿದ. ಕಿಡಿಯ ಪಾಯಿಂಟ್ ಉಜ್ಜಿದ, ಕಂಡೆನ್ಸರ್ ಹೊಸದು ಹಾಕಿದ. ಪ್ರತಿ ಸಲ ಚಾಲೂ ಮಾಡಿದಾಗಲೂ ಜೀಪು ಮದುಮಗನ ಹಾಗೆ ನಿಂತು ಏಕ್-ತೀನ್-ಚಾರ್-ದೋ ಎಂದಿತು. ಪ್ರತಿ ಸಲವೂ ಯಾಕೂಬಸಾಬ ತನ್ನ ಕಿವಿಗೆ ಬೈದ. ಊರಿನಲ್ಲಿ ಆರೋಗ್ಯವಾಗಿರುವ ಇಂಜಿನ್ನಿಗೆ ಎರಡು ದಿನ ಔಷಧಿ ಕುಡಿಸಿದ ಹಕೀಮ ಅವನೊಬ್ಬನೇ ಇರಬೇಕು.

ಶುಕ್ರವಾರ ಬೆಳಿಗ್ಗೆ ಶಾಂತಪ್ಪ ಬಂದ. "ಆತೇನ್ರಿ ಚಾಚಾ?"

ಆಯಿತು ಎನ್ನುವ ಧೈರ್ಯವಿಲ್ಲ, ಆಗಿಲ್ಲ ಎನ್ನಲು ಬಾಯಿಲ್ಲ. "ಗುಡ್ಡಕ್ಕ ನಾನೂ ಬರ್ತೀನಿ. ಅಲ್ಲೇ ಟೆಸ್ಟ್ ಮಾಡೋಣ" ಎಂದ. ಉಸ್ತಾದ ತಾನೇ ಬರುತ್ತಾನಲ್ಲ ಎಂದು ಶಾಂತಪ್ಪನಿಗೆ ಖುಷಿಯೋ ಖುಷಿ.

ಭೀಮಾ ನದಿ ದಾಟಿ, ಶಹಾಪುರದಲ್ಲಿ ಚಹಾ ಕುಡಿದು, ಸುರಪುರ ಬಿಟ್ಟು ಕಲ್ಲುದಾರಿಗೆ ಬಿದ್ದಾಗ ಹನ್ನೊಂದು ಗಂಟೆ. ಹಿಂದೆ ಎಂಟು ಡಬ್ಬಿ ಡೀಸೆಲ್. ಏರು ಶುರುವಾಯಿತು. ಯಾಕೂಬಸಾಬ ಕಣ್ಣು ಮುಚ್ಚಿ ಇಡೀ ಮೈಯನ್ನೇ ಕಿವಿ ಮಾಡಿ ಕೂತ. ಜೀಪು ಎಮ್ಮೆಯಂತೆ ತಲೆ ತಗ್ಗಿಸಿ ಹತ್ತುತ್ತಿತ್ತು. ಏಟು ಒಂದೂ ತಪ್ಪುತ್ತಿರಲಿಲ್ಲ. ಅಂದರೆ ತಪ್ಪುತ್ತಿರಬೇಕು, ತನಗೆ ಕೇಳುತ್ತಿಲ್ಲ. ಮುಗಿಯಿತು ಕಥೆ ಎಂದುಕೊಂಡ. ಕಣ್ಣಲ್ಲಿ ನೀರು ಬಂತು. ಆದರೂ ಮರ್ಯಾದೆ ಎನ್ನುವುದು ಸುಲಭಕ್ಕೆ ಸಾಯುವ ಪ್ರಾಣಿಯಲ್ಲ. ಮುಖ ಬಿಗಿದು ಹೇಳಿದ:

"ಹೌ. ಮಿಸ್ಸಿಂಗ್ ಭಾಳ ಅದ."

ಶಾಂತಪ್ಪ ತಿರುಗಿ ನೋಡಿದ. "ಎಲ್ಲದರಿ? ಚಂದ ಎಳ್ಯಾಕತ್ತದಲ್ಲ!"

"ಸಣ್ಣಗ ಅದ. ನಿನಗ ಕೇಳಂಗಿಲ್ಲ."

"ಇರಬಹುದ್ರಿ, ನಿಮ್ಮ ಕಿವಿ ಅದು" ಎಂದ ಶಾಂತಪ್ಪ ಭಕ್ತಿಯಿಂದ.

ಮೇಲೆ ಡಬ್ಬಿ ಇಳಿಸಿದರು. ಜೀಪು ತಿರುಗಿಸಿಕೊಂಡು ಶಾಂತಪ್ಪ ಮೂಗನ್ನು ಇಳಿಜಾರಿಗೆ ಇಟ್ಟು, "ಈಗ ನೋಡ್ರಿ ಚಾಚಾ" ಎಂದ. ಹತ್ತು ಮಾರು ಇಳಿದಿರಲಿಲ್ಲ, ಏಕ್, ತೀನ್, ಮುಂದೆ ಏನೂ ಇಲ್ಲ. ಆಮೇಲೆ ಸೈಲೆನ್ಸರಿನಲ್ಲಿ ಢಬ್ ಎಂದು ಒಂದು ಏಟು. ಮತ್ತೆ ಏಕ್, ಮತ್ತೆ ಖಾಲಿ, ಮತ್ತೆ ಢಬ್.

"ಕೇಳ್ತು!" ಎಂದು ಯಾಕೂಬಸಾಬ ಚೀರಿದ. "ಶಾಂತಪ್ಪ, ಕೇಳ್ತೋ! ಮಿಸ್ಸಿಂಗ್ ಅದ!"

ಶಾಂತಪ್ಪ ಗಾಬರಿಯಾಗಿ ಬ್ರೇಕ್ ಒತ್ತಿದ. "ಅದನ್ನ ಮೊನ್ನಿನೇ ಹೇಳಿದ್ನಲ್ರಿ! ಗುಡ್ಡದಾಗ ಇಳಿಯೋ ಮುಂದ ಅಷ್ಟ ಅಂತ."

"ಎಳಿಯೋ ಮುಂದ ಅಂದಿ ನೀ."

"ಇಳಿಯೋ ಮುಂದ ಅಂದ್ನಿರಿ. ಇಳಿ, ಇಳಿ, ಕೆಳಗ!" ಶಾಂತಪ್ಪ ಕೈಯಿಂದ ಇಳಿಜಾರು ತೋರಿಸಿದ.

ಎಳೆಯುವುದಕ್ಕೂ ಇಳಿಯುವುದಕ್ಕೂ ನಡುವೆ ಇರುವುದು ಒಂದು ಅಕ್ಷರ. ಆ ಅಕ್ಷರವನ್ನು ಗೂಡ್ಸ್ ಗಾಡಿ ಅರ್ಧ ತಿಂದಿತ್ತು, ಇನ್ನರ್ಧವನ್ನು ಯಾಕೂಬಸಾಬನ ಜಂಬ. "ಏನಂದಿ?" ಎಂದು ಒಂದು ಸಲ ಕೇಳಿದ್ದರೆ ಮಂಗಳವಾರವೇ ತೀರುತ್ತಿದ್ದ ಕೆಲಸ. ಅವನು ಬಾನೆಟ್ ಎತ್ತಿದ. ಇಂಜಿನ್ ಕೂರುವ ಮುಂದಿನ ರಬ್ಬರ್ ಕುಸಿದು ಹೋಗಿತ್ತು. ಇಳಿಜಾರಿನಲ್ಲಿ ಇಂಜಿನ್ ಒಂದು ಬೆರಳು ಮುಂದೆ ಜಾರುತ್ತಿತ್ತು. ಕಿಡಿ ಹುಟ್ಟಿಸುವ ಕಾಯಿಲ್ ಇರುವುದು ಬಾಡಿಯ ಮೇಲೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವುದು ಇಂಜಿನ್ನಿನ ಮೇಲೆ. ಎರಡರ ನಡುವಿನ ತೆಳು ವೈರು ಬಿಗಿದು ನಿಂತಿತ್ತು. ಮೇಲಿನ ಪ್ಲಾಸ್ಟಿಕ್ ಹೊಸದರಂತಿತ್ತು. ಒಳಗೆ ತಾಮ್ರ ಕಡಿದಿತ್ತು. ಸಪಾಟು ನೆಲದಲ್ಲಿ ತುದಿಗಳು ಒಂದಕ್ಕೊಂದು ತಾಗುತ್ತಿದ್ದವು, ಇಳಿಜಾರಿನಲ್ಲಿ ಬಿಡುತ್ತಿದ್ದವು. ಎರಡು ದಿನದಲ್ಲಿ ಅವನು ಮುಟ್ಟದೆ ಬಿಟ್ಟ ವೈರು ಅದೊಂದೇ. ಚೀಲದಿಂದ ಒಂದು ಗೇಣು ವೈರು ತೆಗೆದು ಕಟ್ಟಿದ. ರಬ್ಬರನ್ನು ಆಮೇಲೆ ಹಾಕಿಸುವುದೆಂದು ಮಾತಾಯಿತು. ಕೆಳಗಿನ ತನಕ ಜೀಪು ತುಟಿಪಿಟಕ್ಕೆನ್ನದೆ ಇಳಿಯಿತು.

ದಾರಿಯಲ್ಲಿ ಶಾಂತಪ್ಪ ಮೆಲ್ಲಗೆ ಏನೋ ಕೇಳಿದ. ಯಾಕೂಬಸಾಬ ಅಭ್ಯಾಸದಂತೆ "ಹೌ" ಎನ್ನಲು ಹೋಗಿ, ತಡೆದು, ಎರಡು ವರ್ಷದಲ್ಲಿ ಮೊದಲ ಸಲ "ಏನಂದಿ?" ಎಂದ.

"ಕಿವಿ ಕಮ್ಮಿ ಆಗ್ಯಾವೇನ್ರಿ ಚಾಚಾ, ಅಂದೆ."

"ಹೌ" ಎಂದ ಯಾಕೂಬಸಾಬ. "ಇಂಜಿನ್ ಕೇಳ್ತದ. ಮನಷ್ಯಾರು ಕೇಳಂಗಿಲ್ಲ." ಹೇಳಿದ ಮೇಲೆ ಮೈ ಹಗುರಾಯಿತು. ಶಾಂತಪ್ಪ ನಗಲಿಲ್ಲ, ಟಿಕೆಟ್ಟನ್ನೂ ತೆಗೆಸಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತು ಯಾಕೂಬಸಾಬ ಈ ಕಥೆಯನ್ನು ಮಜೀದಾಳಿಗೆ ಪೂರ್ತಿ ಬಣ್ಣ ಹಚ್ಚಿ ಹೇಳಿದ. ಆರೋಗ್ಯವಾಗಿದ್ದ ಇಂಜಿನ್ನಿಗೆ ಔಷಧಿ ಕುಡಿಸಿದ್ದು, ಇಲ್ಲದ ಮಿಸ್ಸಿಂಗಿಗೆ "ಭಾಳ ಅದ" ಎಂದದ್ದು, ಗುಡ್ಡದ ಮೇಲೆ ಹುಚ್ಚನ ಹಾಗೆ ಚೀರಿದ್ದು, ಎಲ್ಲ. ತನ್ನ ಮೇಲೆ ತಾನೇ ನಗುವುದು ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಮಜೀದಾ ನಗಲಿಲ್ಲ. ತಟ್ಟೆಗೆ ರೊಟ್ಟಿ ಹಾಕುತ್ತಾ, ಮುಖ ಒಲೆಯ ಕಡೆ ಮಾಡಿ, ಏನೋ ಅಂದಳು.

"ಹೌ" ಎಂದ.

"ಏನಂತ ಹೌ?" ಅವಳು ತಿರುಗಿದಳು. "ನಾ ಏನಂದೆ ಹೇಳ್ರಿ ನೋಡೋಣ."

"ಗೊತ್ತಿಲ್ಲ" ಎಂದ.

"ಒಂದ ವರ್ಷ ಆತು, ನಿಮ್ಮ ಮುಂದ ಏನೂ ಹೇಳೋದಿಲ್ಲ ನಾ. ಹೇಳಿದ್ರ ಹೌ ಅಂತೀರಿ, ಎದ್ದು ಗ್ಯಾರೇಜಿಗೆ ಹೋಗ್ತೀರಿ. ಎಡಗಣ್ಣು ಮಂಜಾಗ್ಯಾದ, ದವಾಖಾನಿಗೆ ಹೋಗೋಣ ಅಂತ ಹೋದ ವರ್ಷ ರಮಜಾನಿಗೆ ಮೊದ್ಲ ಹೇಳ್ದೆ. ಹೌ ಅಂದ್ರಿ. ಬಕ್ರೀದ ಆದಮ್ಯಾಲ ಹೇಳ್ದೆ. ಹೌ ಅಂದ್ರಿ. ಮೂರನೇ ಸಲ ಹೇಳ್ದಾಗ ನೀವು ಒಲಿ ಬಿಚ್ಚಿಕೊಂಡು ಕುಂತಿದ್ರಿ."

ಅವನು ಕೈಯಲ್ಲಿದ್ದ ರೊಟ್ಟಿ ನೋಡಿದ. ಅವಳ ಎಡಗಣ್ಣಿನ ಕಡೆಯ ಅಂಚು ಕರಕಲಾಗಿತ್ತು. ಎರಡು ಸಲ ಬರ್ನರ್ ಬಿಚ್ಚಿ ಸೂಜಿಯಿಂದ ಚುಚ್ಚಿದ್ದು ನೆನಪಾಯಿತು. ಹಳೆಯ ಇಂಜಿನ್ ಸೆಟ್ ಆಯಿತು ಎಂದು ಚಹಾದಂಗಡಿಯಲ್ಲಿ ಹೇಳಿದ್ದೂ ನೆನಪಾಯಿತು.

ತಟ್ಟೆ ಸರಿಸಿ, ಎದ್ದು, ಅವಳ ಎದುರಿಗೆ, ತುಟಿ ಕಾಣುವಷ್ಟು ಹತ್ತಿರ ಕೂತ. ಬಾಗಿಲ ಬೆಳಕಿನಲ್ಲಿ ಅವಳ ಎಡಗಣ್ಣಿನ ಪಾಪೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಕಂಡಿತು. ಎಷ್ಟು ದಿನದಿಂದ ಇತ್ತೋ, ದಿನಾ ಎದುರಿಗೆ ಕೂತು ಉಂಡವನು ನೋಡಿರಲಿಲ್ಲ. ಕೆಟ್ಟ ಗಾಡಿ ತಂದವರನ್ನು ಕೇಳುವ ಪ್ರಶ್ನೆಯೇ ಬಾಯಿಗೆ ಬಂತು.

"ಯಾವಾಗಿಂದ ಅದ?"

"ಕಣ್ಣೇನು, ಹೋದ ವರ್ಷದಿಂದ" ಎಂದಳು ಮಜೀದಾ. ಆಮೇಲೆ, ಅವನಿಗೆ ಕೇಳಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಉಳಿದದ್ದನ್ನೂ ಕೇಳ್ತೀರಂದ್ರ, ಭಾಳ ಅದ."

ಯಾಕೂಬಸಾಬ ಆ ದಿನ ಮಧ್ಯಾಹ್ನದ ಮೇಲೆ ಶೆಟರ್ ತೆರೆಯಲಿಲ್ಲ. ದವಾಖಾನೆಯ ಚೀಟಿ ಬರೆಯುವ ಕಿಟಕಿಯಲ್ಲಿ ಯಾರಿಗೆ ತೋರಿಸಬೇಕು ಎಂದು ಕೇಳಿದರು. ಅವನು "ಏನಂದ್ರಿ?" ಎಂದು ಇನ್ನೊಂದು ಸಲ ಕೇಳಿಸಿಕೊಂಡು, ಹೆಂಡತಿಯ ಕಣ್ಣು, ತನ್ನ ಕಿವಿ, ಎರಡನ್ನೂ ಬರೆಸಿದ. ಸರದಿ ಬರಲು ಎರಡು ತಾಸು ಹಿಡಿಯಿತು. ಅಷ್ಟೂ ಹೊತ್ತು ಬೆಂಚಿನ ಮೇಲೆ ಮಜೀದಾ ಮಾತಾಡುತ್ತಲೇ ಇದ್ದಳು, ಅರ್ಧಕ್ಕರ್ಧ ಬೈಗುಳ. ಅವನು ಅವಳ ತುಟಿ ನೋಡುತ್ತಾ, ತಿಳಿಯದ ಮಾತನ್ನೆಲ್ಲ ಮತ್ತೆ ಮತ್ತೆ ಹೇಳಿಸಿಕೊಂಡು ಬೈಸಿಕೊಂಡ.